ಮುಚ್ಚಿದ ಕೋಣೆಯ ಗಿಡಕ್ಕೆ ಗಾಳಿ ಎಷ್ಟು ಬೇಕು?

2018ರ ಅಕ್ಟೋಬರ್‌ನಲ್ಲಿ ಕೆನಡಾ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟ ಮೇಲೆ, ಕದ್ದುಮುಚ್ಚಿ ನಡೆಯುತ್ತಿದ್ದ ಒಳಾಂಗಣ ಬೇಸಾಯ ತೋಟಗಾರಿಕೆ ವಿಜ್ಞಾನಿಗಳ ಮೇಜಿಗೆ ಬಂತು. ಬೆಳಕು, ಗೊಬ್ಬರ, ತಳಿಗಳಿಗೆ ಸಿಕ್ಕ ಗಮನ ಗಾಳಿಗೆ ಸಿಗಲಿಲ್ಲ. ಸೆಕೆ, ವಾಸನೆ ಹೊರಹಾಕಲು ಫ್ಯಾನ್ ಇದ್ದರೆ ಸಾಕು ಎಂಬ ಹಳೆಯ ರೂಢಿಯೇ ಮುಂದುವರಿಯಿತು. ಬೇರೆ ಬೆಳೆಗಳಿಂದ ಕೂಡಿಬಂದ ಸಾಕ್ಷ್ಯ ನೋಡಿದರೆ ಈ ರೂಢಿ ಸಾಲದು. ಗಾಳಿಯ ಚಲನೆ ನೀರು, ಬೆಳಕಿನ ಹಾಗೆಯೇ ಬೆಳವಣಿಗೆಯ ಒಂದು ಮೂಲಬೇಡಿಕೆ. ಅದನ್ನು ಅಳೆಯಬೇಕಾದ ಜಾಗ ಎಲೆಯ ಪಕ್ಕ.

ಈ ತಿಳಿವಿನ ಬೇರು 1904ರಲ್ಲಿದೆ. ಯಾವುದೇ ಮೇಲ್ಮೈಗೆ ಅಂಟಿದಂತೆ ನಿಧಾನವಾಗಿ ಚಲಿಸುವ ತೆಳು ಗಾಳಿಪದರವೊಂದಿರುತ್ತದೆ ಎಂದು ಆ ವರ್ಷ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ತೋರಿಸಿದರು. ಎಲೆಗೆ ಇಂಗಾಲದ ಡೈಆಕ್ಸೈಡ್ ಬರುವುದೂ ಎಲೆಯಿಂದ ನೀರಾವಿ ಹೋಗುವುದೂ ಈ ಪದರವನ್ನು ದಾಟಿಯೇ. ಸಸ್ಯಶಾಸ್ತ್ರಜ್ಞರು ಬಳಸುವ ಸರಳ ಲೆಕ್ಕದಂತೆ, ಹತ್ತು ಸೆಂಟಿಮೀಟರ್ ಎಲೆಯ ಮೇಲೆ ಗಾಳಿ ಸೆಕೆಂಡಿಗೆ 0.1 ಮೀಟರ್ ವೇಗದಲ್ಲಿದ್ದರೆ ಪದರದ ದಪ್ಪ ಸುಮಾರು 4 ಮಿಲಿಮೀಟರ್. 1 ಮೀಟರ್ ವೇಗದಲ್ಲಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಜಪಾನಿನ ಕಿತಾಯಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಫಲವನ್ನು ಅಂಕಿಗಳಲ್ಲಿ ಇಟ್ಟಿತು. ವೇಗ 0.01ರಿಂದ 0.2 ಮೀಟರಿಗೆ ಏರಿದಾಗ ಎಲೆಯ ದ್ಯುತಿಸಂಶ್ಲೇಷಣೆ ಗಣನೀಯವಾಗಿ ಹೆಚ್ಚಿತು, 0.5 ಮೀಟರ್ ದಾಟಿದ ಮೇಲೆ ಆ ಏರಿಕೆ ಹೆಚ್ಚುಕಡಿಮೆ ನಿಂತೇಬಿಟ್ಟಿತು. ನೀರಾವಿ ಮಾತ್ರ ಏರುತ್ತಲೇ ಹೋಯಿತು. ಅಂದರೆ ಮೊದಲ ತಂಗಾಳಿಯಲ್ಲೇ ಎಲೆಗೆ ಲಾಭದ ಬಹುಪಾಲು ಸಿಗುತ್ತದೆ, ಆಮೇಲಿನ ಬಿರುಸಿಗೆ ಗಿಡ ನೀರಿನ ಬೆಲೆ ತೆರುತ್ತದೆ.

ಗಾಳಿ ಎಲ್ಲಿಗೆ ತಲುಪಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಲೆಟ್ಯೂಸ್. ಅದರ ಒಳಗಿನ ಎಳೆ ಎಲೆಗಳ ಅಂಚು ಕಂದಿ ಸುಡುವುದುಂಟು. ಕ್ಯಾಲ್ಸಿಯಂ ನೀರಿನ ಜೊತೆ ಹರಿಯುತ್ತದೆ. ಆವಿಯಾಗದ ಎಲೆಗೆ ನೀರೂ ಹರಿಯದು, ಕ್ಯಾಲ್ಸಿಯಮ್ಮೂ ಬಾರದು. 1992ರಲ್ಲಿ ಗೋಟೊ ಮತ್ತು ತಾಕಾಕುರಾ ಆ ಒಳ ಎಲೆಗಳಿಗೇ ನೇರವಾಗಿ ಗಾಳಿ ಊದಿ ಈ ಸುಡುವಿಕೆಯನ್ನು ತಡೆದರು. ಗಾಂಜಾದ ದಟ್ಟ ಹೂಗೊಂಚಲಿನ ತೊಂದರೆ ಬೇರೆ, ಜಾಗ ಮಾತ್ರ ಅಂಥದ್ದೇ: ಕೋಣೆಯ ಗೋಡೆಯ ಮೇಲಿನ ಮಾಪಕ ಸರಿಯಾದ ತೇವಾಂಶ ತೋರಿಸುತ್ತಿದ್ದರೂ ಗೊಂಚಲಿನೊಳಗೆ ತೇವ ನಿಂತು ಬೂದು ಬೂಷ್ಟು ಹಿಡಿಯುತ್ತದೆ.

ಫ್ಯಾನ್ ಬೂಷ್ಟಿನ ಬೀಜಾಣುಗಳನ್ನೇ ಹರಡುವುದಿಲ್ಲವೇ ಎಂಬ ಆಕ್ಷೇಪ ನಿಜವೇ. ಆದರೆ ಬೂದು ಬೂಷ್ಟು ಮೊಳೆಯಲು ತೇವ ಬೇಕು, ಒಣಗಿಸುವ ಗಾಳಿ ಆ ನೆಲೆಯನ್ನೇ ಕಸಿಯುತ್ತದೆ. ಬೂದಿರೋಗದ ವಿಷಯದಲ್ಲಿ ಈ ಸಮಾಧಾನ ಅಷ್ಟಾಗಿ ನಿಲ್ಲದು. ನೀರಹನಿಯ ಹಂಗಿಲ್ಲದೆಯೂ ಅದು ಮೊಳೆಯಬಲ್ಲದು. ಒಣಗಿಸುವ ಗಾಳಿ ಒಳ್ಳೆಯದೆಂದು ಜೋರಾಗಿ ಬೀಸಲಿ ಎನ್ನುವಂತೆಯೂ ಇಲ್ಲ. ಕಾಂಡವನ್ನು ಪದೇಪದೇ ಉಜ್ಜಿದರೆ ಗಿಡ ಗಿಡ್ಡವಾಗುತ್ತದೆಂದು 1973ರಲ್ಲಿ ಎಂ. ಜೆ. ಜಾಫ್ ತೋರಿಸಿದ್ದರು; ಗಾಳಿಯ ಅಲುಗಾಟದ ಪರಿಣಾಮವೂ ಅಂಥದ್ದೇ. ಕಾಂಡ ಗಟ್ಟಿಯಾಗುವಷ್ಟು ಅಲುಗಾಟ ಒಳ್ಳೆಯದೇ, ಅತಿಯಾದರೆ ಬೆಳವಣಿಗೆ ಕುಂಠಿತ. ಅಂತರಿಕ್ಷ ನಿಲ್ದಾಣದ ಜಿನ್ನಿಯಾ ಗಿಡಗಳು 2015ರ ಕೊನೆಯಲ್ಲಿ ಗಾಳಿಯ ಕೊರತೆ, ಅತಿ ಎರಡನ್ನೂ ಅನುಭವಿಸಿದವು: ಎಲೆಯಂಚಿನಲ್ಲಿ ನೀರು ಜಿನುಗಿ ಬೂಷ್ಟು ಬಂತು, ಫ್ಯಾನ್ ಜೋರು ಮಾಡಿದರೆ ಗಿಡ ಒಣಗತೊಡಗಿತು. ಕೊನೆಗೆ ನೀರಿನ ತೀರ್ಮಾನವನ್ನು ಗಗನಯಾನಿ ಸ್ಕಾಟ್ ಕೆಲ್ಲಿಗೇ ಬಿಡಲಾಯಿತು. ಜನವರಿಯಲ್ಲಿ ಹೂ ಅರಳಿತು.

ವಿದ್ಯುತ್ತಿನ ಆಕ್ಷೇಪ ಹೆಚ್ಚು ತೂಕದ್ದು. ಅಮೆರಿಕದ ಒಟ್ಟು ವಿದ್ಯುತ್ತಿನ ಶೇ. 1ರಷ್ಟನ್ನು ಒಳಾಂಗಣ ಗಾಂಜಾ ನುಂಗುತ್ತಿದೆಯೆಂದು 2012ರಲ್ಲಿ ಇವಾನ್ ಮಿಲ್ಸ್ ಅಂದಾಜಿಸಿದರು. ಅದರಲ್ಲಿ ಗಾಳಿ ಬದಲಿಸುವ, ತೇವ ತೆಗೆಯುವ, ತಂಪುಮಾಡುವ ಯಂತ್ರಗಳ ಪಾಲು ದೊಡ್ಡದು. ಆದರೆ ಕೋಣೆಯ ಗಾಳಿಯನ್ನೆಲ್ಲ ಬದಲಿಸುವುದು ಬೇರೆ, ಇರುವ ಗಾಳಿಯನ್ನು ಎಲೆಗಳ ನಡುವೆ ಮೆಲ್ಲಗೆ ಆಡಿಸುವುದು ಬೇರೆ. ಎರಡನೆಯದಕ್ಕೆ ಸಣ್ಣ ಫ್ಯಾನುಗಳು ಸಾಕು.

ನಮ್ಮಲ್ಲಿ ಅನುಮತಿಯಿಲ್ಲದೆ ಗಾಂಜಾ ಬೆಳೆಯುವುದು 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ. ಆದರೆ ಪಾಲಿಹೌಸಿನ ದೊಣ್ಣೆಮೆಣಸಿನಕಾಯಿಗೂ ಗುಲಾಬಿಗೂ ಇದೇ ಭೌತಶಾಸ್ತ್ರ. ಅಲ್ಲಿ ಹೊಸ ಫ್ಯಾನಿಗೆ ದುಡ್ಡು ಹಾಕುವ ಮೊದಲು, ವೇಗಮಾಪಕವನ್ನು ಗಿಡದ ನಡುವೆ ಹಿಡಿದು ನೋಡಿ.