ಕರಿ: ಹೊಯ್ಸಳ ಸೀಮೆಯಲ್ಲಿ ಒಂದು ಬಣ್ಣದ ಮಾತು

ಕರಿ ಎಂಬುದು ಕಪ್ಪು ಬಣ್ಣವನ್ನು ಹೇಳುವ ಅಚ್ಚಗನ್ನಡ ಪದ. ಪಾತ್ರೆಯ ತಳಕ್ಕೆ ಹಿಡಿಯುವ ಮಸಿಗೂ ಇದೇ ಹೆಸರು. ಹಳಗನ್ನಡದ ಕರ್, ಕಾರ್, ಕರ್ಪು ಇದರ ಒಡಹುಟ್ಟುಗಳು. ರಕಾರ ಸವೆದು ಕರ್ಪು ಎಂಬುದು ಇಂದಿನ ಕಪ್ಪು ಆಗಿದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಈ ಪದ ಮಳೆಗೂ ದೇವರಿಗೂ ಅಡುಗೆಮನೆಗೂ ಹಬ್ಬಿಕೊಂಡಿದೆ. ಕರಿ ಎಂದೊಡನೆ ಅಶುಭವೆಂದು ಬಗೆಯುವ ರೂಢಿ ಅದರ ಬಾಳಿನ ಒಂದು ಎಳೆ ಮಾತ್ರ. ಉಳಿದ ಎಳೆಗಳು ಅದಕ್ಕಿಂತ ದಪ್ಪ.

ಎಲ್ಲಕ್ಕಿಂತ ದೊಡ್ಡ ಬಳಕೆ ಮಳೆಯದು. ಕಾರ್ ಎಂದರೆ ಕಪ್ಪು, ಕಪ್ಪು ಮೋಡ, ಆ ಮೋಡ ತರುವ ಮಳೆಗಾಲ. ಮುನ್ ಮತ್ತು ಕಾರ್ ಸೇರಿ ಮುಂಗಾರು, ಹಿನ್ ಮತ್ತು ಕಾರ್ ಸೇರಿ ಹಿಂಗಾರು. ಇಲ್ಲಿ ಕಕಾರ ಗಕಾರವಾಗುವುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಆದೇಶಸಂಧಿ. ಇಂಥ ಮಾರ್ಪಾಡುಗಳನ್ನು ಸೂತ್ರಕ್ಕೆ ಕಟ್ಟಿದ ಕೇಶಿರಾಜ ಹೊಯ್ಸಳರ ಕಾಲದವನೇ. ಅವನ ಶಬ್ದಮಣಿದರ್ಪಣ ಸುಮಾರು 1260ರದು. ಬೇಲೂರಿನ ಪಡುವಣ ಭಾಗ ಮಲೆನಾಡಿನ ಮಳೆಯಲ್ಲಿ ನೆನೆದರೆ, ಬಯಲುಸೀಮೆಯ ಅರಸೀಕೆರೆ ರಾಗಿ, ತೆಂಗುಗಳನ್ನು ನೆಚ್ಚಿಕೊಂಡು ಮುಗಿಲು ನೋಡುತ್ತ ಕೂರುತ್ತದೆ. ಅಲ್ಲಿ ಮೋಡ ಕರ್ರಗೆ ಕವಿದರೆ ಅದು ಶುಭದ ಸೂಚನೆ. ಇಡೀ ವರ್ಷದ ಬೇಸಾಯ ಎದುರು ನೋಡುವ ಬಣ್ಣ ಅದು.

ಕರ್ನಾಟಕ ಎಂಬ ಹೆಸರನ್ನೂ ಕೆಲವು ವಿದ್ವಾಂಸರು ಇದೇ ಬೇರಿಗೆ ಕಟ್ಟಿ, ಕರಿಯ ಮಣ್ಣಿನ ನಾಡು ಎಂದು ಬಿಡಿಸಿದ್ದಾರೆ. ಎತ್ತರದ ನಾಡು ಎಂಬ ಅರ್ಥವನ್ನು ಹಿಡಿದವರೂ ಇದ್ದಾರೆ. ಎರೆಮಣ್ಣಿನ ಉತ್ತರದ ಬಯಲಿಗೆ ಮೊದಲ ಅರ್ಥ ಚೆನ್ನಾಗಿ ಒಪ್ಪುತ್ತದೆ. ಹೊಯ್ಸಳರ ಈ ನೆಲವಾದರೋ ಬಹುಪಾಲು ಕೆಂಪು.

ಇಲ್ಲಿ ಕರಿದಾದದ್ದು ಕಲ್ಲು. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ, ಅದಾದ ಕೆಲವೇ ವರ್ಷಗಳಲ್ಲಿ ಹಳೇಬೀಡಿನಲ್ಲಿ ಎದ್ದ ಹೊಯ್ಸಳೇಶ್ವರ, ಅರಸೀಕೆರೆಯಲ್ಲಿ 1220ರ ಈಶ್ವರ ದೇವಾಲಯ ಎಲ್ಲವೂ ಬಳಪದ ಕಲ್ಲಿನವು. ನೋಡುವವರು ಅದನ್ನು ಕರಿಕಲ್ಲು ಎಂದುಬಿಡುತ್ತಾರೆ. ಗಣಿಯಿಂದ ತೆಗೆದಾಗ ಅದರ ಬಣ್ಣ ಹಸಿರು ಬೆರೆತ ಬೂದು. ಆಗ ಉಳಿಗೆ ಸುಲಭವಾಗಿ ಬಗ್ಗುವಷ್ಟು ಮೆದು. ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ, ಕಾಲ ಕಳೆದಂತೆ ಕಪ್ಪೇರುತ್ತದೆ. ಅದರ ಚೂರೊಂದನ್ನು ಒರಟು ನೆಲಕ್ಕೆ ಉಜ್ಜಿದರೆ ಮೂಡುವುದು ಬಿಳಿ ಗೆರೆ. ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪದ ಹೆಸರು ಈ ಕಲ್ಲಿಗೆ ಅಂಟಿಕೊಂಡಿರುವುದು ಹಾಗೆ.

ಆ ಕಲ್ಲು ಎಷ್ಟು ಕರಿದಾಗಬಲ್ಲದು ಎಂದು ತಿಳಿಯಲು ಹಳೇಬೀಡಿನ ಬಸದಿಹಳ್ಳಿಗೆ ಹೋಗಬೇಕು. ದಂಡನಾಯಕ ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ತಿರುಗಣಿಯಲ್ಲಿ ಕಡೆದು ತಿಕ್ಕಿ ನುಣುಪು ಮಾಡಿದ ಅದರ ಕಂಬಗಳ ಮುಂದೆ ನಿಂತವರ ಮುಖ, ಕಂಬದ ಉಬ್ಬುತಗ್ಗಿಗೆ ತಕ್ಕಂತೆ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿ ಕಾಣುತ್ತದೆ. ಕಪ್ಪು ಎಂದರೆ ಬೆಳಕಿಲ್ಲದ್ದು ಎನ್ನುವವರಿಗೆ ಈ ಕಂಬಗಳನ್ನು ತೋರಿಸಬೇಕು. ಹೊಯ್ಸಳೇಶ್ವರದ ಜನಜಂಗುಳಿಯಲ್ಲಿ ಹೆಚ್ಚಿನವರು ಈ ಬಸದಿಯನ್ನು ನೋಡದೆ ಮರಳುವುದು ಖೇದದ ಸಂಗತಿ.

ಗುಡಿಗಳ ತಳಪಟ್ಟಿಕೆಯಲ್ಲಿ ಸಾಲಾಗಿ ನಡೆಯುವ ಆನೆಗೂ ಕರಿ ಎಂಬ ಹೆಸರುಂಟು. ಆದರೆ ಈ ಕರಿ ಬಣ್ಣದ ಮಾತಲ್ಲ. ಕರ, ಅಂದರೆ ಸೊಂಡಿಲು, ಉಳ್ಳದ್ದು ಕರಿ ಎಂಬುದು ಸಂಸ್ಕೃತದಿಂದ ಬಂದ ಅರ್ಥ. ಕಬ್ಬಿಗರು ಎರಡನ್ನೂ ಒಂದೇ ಉಸಿರಿನಲ್ಲಿ ಬಳಸಿ ಶ್ಲೇಷೆಯ ಸುಖ ಕಂಡಿದ್ದಾರೆ. ಆಡುಮಾತಿನಲ್ಲಿ ಆನೆ ಆನೆಯೇ. ಕಾಫಿ ತೋಟಕ್ಕೆ ನುಗ್ಗಿದ ಸಲಗವನ್ನು ಬೇಲೂರಿನ ಯಾರೂ ಕರಿ ಎನ್ನುವುದಿಲ್ಲ.

ದೇವರಿಗೆ ಬಂದರೆ ಪದ ಮತ್ತೆ ಅಚ್ಚಗನ್ನಡ. ಅರಸೀಕೆರೆಯ ಗ್ರಾಮದೇವತೆ ಕರಿಯಮ್ಮ. ಹಾಸನ, ಚಿತ್ರದುರ್ಗ ಕಡೆಯ ಎಷ್ಟೋ ಹಳ್ಳಿಗಳಲ್ಲೂ ಕರಿಯಮ್ಮನ ಗುಡಿಗಳಿವೆ. ಆಕೆಯ ಒಕ್ಕಲಿನವರು ಮಕ್ಕಳಿಗೆ ಕರಿಯಪ್ಪ, ಕರಿಯಣ್ಣ, ಕರಿಯಮ್ಮ ಎಂದು ಹೆಸರಿಡುತ್ತ ಬಂದಿದ್ದಾರೆ. ಕರಿಗೌಡ, ಕರಿಬಸಪ್ಪ ಎಂಬ ಹೆಸರುಗಳೂ ಈ ಭಾಗದಲ್ಲಿ ಸಾಮಾನ್ಯ. ದೇವರ ಕಾರ್ಯಕ್ಕೆ ಹಾಸುವ ಗದ್ದುಗೆ ಕರಿಕಂಬಳಿಯದು. ಇಷ್ಟು ಗೌರವದ ಮಾತನ್ನು ಮೈಬಣ್ಣ ಹಳಿಯಲು ಬಳಸುವುದು, ಹೆಣ್ಣು ನೋಡುವ ಶಾಸ್ತ್ರದಲ್ಲಿ ಅದನ್ನು ಕೊರತೆಯೆಂದು ಎಣಿಸುವುದು ಈ ಪದಕ್ಕೆ ಆಗಿರುವ ಅನ್ಯಾಯ. ಅದಕ್ಕಿಂತ ದೊಡ್ಡ ಅನ್ಯಾಯ ಆ ಮಾತು ಕೇಳಬೇಕಾದ ಹುಡುಗಿಗೆ.

ಅಶುಭದ ಎಳೆಯೂ ಸುಳ್ಳಲ್ಲ. ಹಬ್ಬದ ಮರುದಿನವನ್ನು ಕರಿ ಎಂದು ಕರೆದು ಶುಭಕಾರ್ಯಗಳನ್ನು ಮುಂದೂಡುವ ವಾಡಿಕೆ ಕನ್ನಡ ನಾಡಿನಲ್ಲಿ ಹರಡಿದೆ. ಕರಿಎಳ್ಳು ತರ್ಪಣಕ್ಕೆ, ಶನಿಯ ಪೂಜೆಗೆ ಸಲ್ಲುತ್ತದೆ. ಹಾಗೆಂದು ಕೆಡುಕನ್ನು ತಡೆಯುವುದೂ ಅದೇ ಬಣ್ಣ: ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಕಾಲಿಗೆ ಕರಿದಾರ. ಮುತ್ತೈದೆಯ ಕೊರಳಿನ ಕರಿಮಣಿಯಂತೂ ಮಂಗಳದ ಗುರುತೇ.

ಅಡುಗೆಮನೆಯಲ್ಲಿ ತುಸು ಎಚ್ಚರ ಬೇಕು. ಕರಿಗಡುಬಿನ ಕರಿ ಬಣ್ಣವಲ್ಲ, ಎಣ್ಣೆಯಲ್ಲಿ ಕರಿಯುವ ಕ್ರಿಯೆ. ಕರಿಮೆಣಸಿನದು ನಿಜವಾದ ಬಣ್ಣ. ಬೇಲೂರು ಕಡೆಯ ತೋಟಗಳಲ್ಲಿ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಕೊಯ್ಯುವಾಗ ಕಾಳು ಹಸಿರು. ಕಣದಲ್ಲಿ ಹರವಿ ಬಿಸಿಲಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಸಿಪ್ಪೆ ಸುಕ್ಕುಗಟ್ಟಿ ಕರ್ರಗಾಗುತ್ತದೆ.

ಹೊಸಗಾಲದ ಪದಗಳಲ್ಲಿ ಮುಂದಾದದ್ದು ಕಪ್ಪು. ಕಪ್ಪುಹಣ, ಕಪ್ಪುಪಟ್ಟಿ, ಕಪ್ಪುಹಲಗೆಗಳೆಲ್ಲ ಇಂಗ್ಲಿಷಿನ ಅಚ್ಚಿನಲ್ಲಿ ಎರಕಗೊಂಡವು. ಅವುಗಳಲ್ಲಿ ಮೊದಲೆರಡು ಹೊತ್ತು ತಂದ ಕಳಂಕದ ಅರ್ಥವೂ ಆ ಅಚ್ಚಿನದೇ. ಕರಿಯಾದರೋ ಹಳೆಯ ಜೋಡಿಗಳನ್ನು ಬಿಟ್ಟುಕೊಟ್ಟಿಲ್ಲ. ಕರಿಜಾಲಿ, ಕರಿಮತ್ತಿ, ಕರಿಬೇವುಗಳಲ್ಲಿ ಆ ಜಾಗಕ್ಕೆ ಕಪ್ಪನ್ನು ಇಟ್ಟು ನೋಡಿದರೆ ಯಾವ ರೈತನೂ ಒಪ್ಪುವುದಿಲ್ಲ. ವಕೀಲರ, ರೈಲಿನ ಟಿಕೆಟ್ ತಪಾಸಿಗರ ಕೋಟು ಅರಸೀಕೆರೆ ಜಂಕ್ಷನ್ನಿನಲ್ಲಿ ಇಂದಿಗೂ ಕರಿಕೋಟೇ.