ಔಷಧಿ ಗೋದಾಮಿನ ದುಡಿಮೆ: ರೂಪಾಯಿ ಲೆಕ್ಕ, ಪೆಟ್ಟಿಗೆ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ಊರಿಗೆ ಇಂದಿಗೂ ರೈಲಿಲ್ಲ. ಇಲ್ಲಿನ ಮೆಡಿಕಲ್ ಅಂಗಡಿಗೆ ಮಾತ್ರೆ ಬರುವುದು ರಸ್ತೆಯ ಮೇಲೆಯೇ, ಬೆಳಗಾವಿ ಇಲ್ಲವೇ ಹುಬ್ಬಳ್ಳಿ–ಧಾರವಾಡದ ಕಡೆಯಿಂದ. ಕಂಪನಿಗೂ ಅಂಗಡಿಗೂ ನಡುವೆ ಇರುವವರು ಹೋಲ್‌ಸೇಲ್ ವ್ಯಾಪಾರಿ ಮತ್ತು ಅವರ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಹುಡುಗರು. ಕಂಪ್ಯೂಟರ್ ಬಂದ ಮೇಲೆ ಆ ಹುಡುಗರ ಕೆಲಸ ಹಗುರಾಯಿತು ಅನ್ನುತ್ತಾರೆ. ಆಯಿತೇ? ಅಳೆಯುವುದು ಹೇಗೆ?

ಮೊದಲು ಹಳೆಯ ಕೆಲಸ ನೋಡೋಣ. 1940ರ ಔಷಧ ಕಾಯ್ದೆ, 1945ರ ನಿಯಮಗಳು ಹೋಲ್‌ಸೇಲ್ ಬಿಲ್ಲಿಗೆ ಕಟ್ಟುನಿಟ್ಟು ಹಾಕಿದವು. ಪ್ರತಿ ಔಷಧಿಯ ಹೆಸರು, ಎಷ್ಟು, ಯಾವ ಕಂಪನಿ, ಬ್ಯಾಚ್ ನಂಬರ್ ಯಾವುದು, ಎಲ್ಲವೂ ಬಿಲ್ಲಿನಲ್ಲಿ ಇರಬೇಕು. ನಕಲು ಮೂರು ವರ್ಷ ಇಡಬೇಕು. ಹಾಗಾಗಿ ಕಾರ್ಬನ್ ಕಾಗದ, ಒತ್ತಿ ಬರೆಯುವ ಪೆನ್ನು, ಸಾಲಿಗೊಂದು ಬ್ಯಾಚ್. ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿಂದ. ಬೆರಳಿಗೆ ಹತ್ತಿದ ನೀಲಿ ಸಂಜೆಯಾದರೂ ಹೋಗುತ್ತಿರಲಿಲ್ಲ. ಆ ಬ್ಯಾಚ್ ನಂಬರನ್ನು ಇಂದು ಕಂಪ್ಯೂಟರ್ ತಾನೇ ಹಾಕುತ್ತದೆ. ಉಳಿತಾಯವಾಗಿದ್ದು ಇಲ್ಲಿ, ಅದು ನಿಜವಾದ ಉಳಿತಾಯ.

ಆದರೆ ಉಳಿದದ್ದೆಷ್ಟು ಎಂದು ಕೇಳಿದರೆ ಮಾಲೀಕರು ಸಾಮಾನ್ಯವಾಗಿ ವಹಿವಾಟು ತೋರಿಸುತ್ತಾರೆ. ವರ್ಷದ ಮಾರಾಟ ಇಷ್ಟು, ಆಳು ಇಷ್ಟು, ಭಾಗಿಸಿ ನೋಡಿರಿ. ಇಲ್ಲೇ ಮೋಸ ಇದೆ. ಬೆಲೆ ನಿಯಂತ್ರಣದಲ್ಲಿರುವ ಔಷಧಿಗಳಿಗೆ ಸರ್ಕಾರ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ನೋಡಿ ಏರಿಕೆಗೆ ಅವಕಾಶ ಕೊಡುತ್ತದೆ. 2022ರಲ್ಲಿ ಅದು ಸುಮಾರು 10.77%, 2023ರಲ್ಲಿ 12.12%. ಕಂಪನಿ ಎರಡೂ ಸಲ ಪೂರ್ತಿ ಏರಿಸಿತು ಎಂದುಕೊಳ್ಳಿ. ಆಗ ರಾಮದುರ್ಗಕ್ಕೆ ಅಷ್ಟೇ ಪೆಟ್ಟಿಗೆ ಕಳಿಸಿದ ಹುಡುಗ, ರೂಪಾಯಿ ಲೆಕ್ಕದಲ್ಲಿ ಎರಡೇ ವರ್ಷದಲ್ಲಿ 24% ಹೆಚ್ಚು ದುಡಿದಂತೆ ಕಾಣುತ್ತಾನೆ. 2024ರಲ್ಲಿ ಏರಿಕೆ 0.00551% ಮಾತ್ರ. ಆ ವರ್ಷ ಪಾಪ ಅವನು ಮೈಗಳ್ಳನಾದನೇ?

ಬೆಲೆ ಇಳಿದಾಗ ಇದರ ಉಲ್ಟಾ. 2013ರ ಬೆಲೆ ನಿಯಂತ್ರಣ ಆದೇಶದಿಂದ ಹಲವು ಅಗತ್ಯ ಔಷಧಿಗಳ ದರ ಇಳಿಯಿತು. ರೋಗಿಗೆ ಒಳ್ಳೆಯದಾಯಿತು. ಪೆಟ್ಟಿಗೆಯ ತೂಕ ಮಾತ್ರ ಇಳಿಯಲಿಲ್ಲ. ಹೋಲ್‌ಸೇಲ್‌ನವರ ಪಾಲು ಇಂಥ ಔಷಧಿಗಳಲ್ಲಿ ವಾಡಿಕೆಯಂತೆ ಶೇಕಡಾ 8. ದರ ಇಳಿದರೆ ಅದೂ ಇಳಿಯುತ್ತದೆ, ಸಂಬಳ ಕೇಳಲು ಹೋದ ಹುಡುಗನಿಗೆ ವಹಿವಾಟಿನ ಪುಸ್ತಕವೇ ಅಡ್ಡ ಬರುತ್ತದೆ.

ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿಗೆ ಟನ್ ಲೆಕ್ಕ. ಸಕ್ಕರೆ ದರ ಏರಿತೆಂದು ಗ್ಯಾಂಗು ಹೆಚ್ಚು ಕಡಿಯಿತು ಎಂದು ಯಾರೂ ಹೇಳುವುದಿಲ್ಲ. ಔಷಧಿಗೂ ಹಾಗೆ ಅಳೆಯಬಹುದು: ಒಂದು ತಾಸಿನಲ್ಲಿ ಬಿಲ್ಲಿನ ಎಷ್ಟು ಸಾಲು ತುಂಬಿ, ತಪ್ಪಿಲ್ಲದೆ ಗಾಡಿ ಹತ್ತಿತು? ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಔಷಧಿ ಹೋಲ್‌ಸೇಲ್‌ಗೆಂದೇ ಬೇರೆ ಸೂಚ್ಯಂಕ ಇಟ್ಟಿದೆ. ಅವರು ಮಾರಾಟದಿಂದ ಬೆಲೆಯೇರಿಕೆ ತೆಗೆದು, ಉಳಿದದ್ದನ್ನು ತಾಸಿನಿಂದ ಭಾಗಿಸುತ್ತಾರೆ. ಆ ತಾಸುಗಳಲ್ಲಿ ಮಾಲೀಕರ ದುಡಿಮೆಯೂ ಸೇರಿದೆ, ಸಂಬಳವಿಲ್ಲದೆ ದುಡಿಯುವ ಮನೆಯವರದೂ ಸೇರಿದೆ. ನಮಗೆ ಈ ಕೊನೆಯ ಮಾತೇ ಮುಖ್ಯ ಅನಿಸಿತು. ಸಣ್ಣ ಊರಿನ ವ್ಯಾಪಾರದಲ್ಲಿ ರಾತ್ರಿ ಕೂತು ಜಿಎಸ್‌ಟಿ ಬಿಲ್ಲು ತಾಳೆ ಹಾಕುವವರು ಹೆಂಡತಿಯೋ ಮಗನೋ ಆಗಿದ್ದರೆ, ಅವರನ್ನು ಬಿಟ್ಟು ಮಾಡಿದ ಲೆಕ್ಕದಲ್ಲಿ ಅಂಗಡಿ ಬಹಳ ಚುರುಕು.

ಇನ್ನೊಂದು ಸಂಗತಿ. ಮೊದಲು ಗೋದಾಮಿನ ಮನುಷ್ಯ ಅಂಗಡಿಗೆ ಬಂದು ಆರ್ಡರ್ ಬರೆದುಕೊಳ್ಳುತ್ತಿದ್ದ. ಈಗ ಎಷ್ಟೋ ಕಡೆ ಅಂಗಡಿಯವರೇ ಮೊಬೈಲಿನಲ್ಲಿ ಒತ್ತಿ ಕಳಿಸುತ್ತಾರೆ. ಗೋದಾಮಿನಲ್ಲಿ ತಾಸು ಉಳಿಯಿತು, ಕಿತ್ತೂರಿನ ಕೌಂಟರಿನಲ್ಲಿ ಅದೇ ತಾಸು ಹೋಯಿತು. ಕೆಲಸ ಕಡಿಮೆಯಾಗಲಿಲ್ಲ, ಊರು ಬದಲಿಸಿತು.

ಅವಧಿ ಮುಗಿದು ವಾಪಸ್ ಬಂದ ಮಾಲಿನ ಕಥೆ ಇನ್ನೂ ವಿಚಿತ್ರ. ಸವದತ್ತಿಯಿಂದ ಹಿಂದಿರುಗಿದ ಒಂದು ಪೆಟ್ಟಿಗೆಯನ್ನು ಬಿಚ್ಚಬೇಕು, ಒಂದೊಂದು ಪಟ್ಟಿಯ ಬ್ಯಾಚ್, ತಾರೀಖು ನೋಡಬೇಕು, ಬೇರೆ ಇಡಬೇಕು, ಕಂಪನಿಗೆ ಕಳಿಸಬೇಕು. ಇಷ್ಟು ದುಡಿದ ಮೇಲೆ ಮಾರಾಟದ ಪುಸ್ತಕದಲ್ಲಿ ಆ ಮೊತ್ತ ಕಳೆಯುವ ಕಡೆ ಬರುತ್ತದೆ.