ಬೆನ್ನುಹುರಿಯ ಗಾಯ: ಒಂದು ತೀರ್ಪಿನ ಚರಿತ್ರೆ

ಕ್ರಿ.ಪೂ. ಸುಮಾರು 1600ರದೆಂದು ಗುರುತಿಸಲಾದ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ, ಕತ್ತಿನ ಮೂಳೆ ಸ್ಥಾನ ತಪ್ಪಿ ಕೈಕಾಲುಗಳ ಅರಿವೇ ಇಲ್ಲದ, ಮೂತ್ರ ತಾನಾಗಿ ಹನಿಯುವ ರೋಗಿಯ ವಿವರವಿದೆ. ಇದು ಚಿಕಿತ್ಸೆಗೆ ಕೈಹಾಕಬಾರದ ವ್ಯಾಧಿಯೆಂಬುದು ಅಲ್ಲಿನ ತೀರ್ಪು. ಈ ತೀರ್ಪು ಇಪ್ಪತ್ತನೆಯ ಶತಮಾನದವರೆಗೂ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಅದಕ್ಕೆ ಆಧುನಿಕ ವಿಜ್ಞಾನದ ಮುದ್ರೆ ಬಿದ್ದದ್ದು ಸ್ಪೇನಿನ ಸಾಂತಿಯಾಗೊ ರಾಮೊನ್ ಇ ಕಹಾಲ್ ಅವರಿಂದ. ಕತ್ತರಿಸಿದ ನರತಂತುಗಳ ತುದಿ ಕೆಲವು ದಿನ ಚಿಗುರಿ ಬಳಿಕ ನಿಂತುಹೋಗುವುದನ್ನು ಕಂಡ ಅವರು, ವಯಸ್ಕರ ಮಿದುಳು ಮತ್ತು ಬೆನ್ನುಹುರಿಯ ಮಾರ್ಗಗಳು ಬದಲಾಗದಂಥವೆಂದು 1913–14ರ ಬೃಹದ್ಗ್ರಂಥದಲ್ಲಿ ಬರೆದರು. ಈ ಕಠೋರ ನಿಯಮವನ್ನು ಮುಂದಿನ ವಿಜ್ಞಾನ ಬದಲಿಸಬಹುದೆಂಬ ಆಶಯವನ್ನೂ ಅವರು ಸೇರಿಸಿದ್ದರು. ಅನುಯಾಯಿಗಳು ಮೊದಲ ಮಾತನ್ನು ಮಾತ್ರ ನೆನಪಿಟ್ಟುಕೊಂಡರು. ಇನ್ನೂ ಸೋಜಿಗವೆಂದರೆ, ಅವರ ಶಿಷ್ಯ ಫ್ರಾನ್ಸಿಸ್ಕೊ ಟೆಲ್ಲೊ 1911ರಲ್ಲಿಯೇ ಮೊಲದ ಮಿದುಳಿಗೆ ಬಾಹ್ಯ ನರದ ತುಣುಕನ್ನು ನೆಟ್ಟು, ತಂತುಗಳು ಅದರೊಳಕ್ಕೆ ಬೆಳೆಯುವುದನ್ನು ತೋರಿಸಿದ್ದರು. ಇದು ಆಧುನಿಕ ವಿಧಾನಗಳಿಂದ ದೃಢಪಡಲು ಮಾಂಟ್ರಿಯಲ್‌ನಲ್ಲಿ ಆಲ್ಬರ್ಟ್ ಅಗ್ವಾಯೊ ಮತ್ತು ಸಂಗಡಿಗರು 1980–81ರಲ್ಲಿ ನಡೆಸಿದ ಪ್ರಯೋಗಗಳವರೆಗೆ ಕಾಯಬೇಕಾಯಿತು. ಪುರಾವೆಯ ಕೊರತೆಗಿಂತ ಅದನ್ನು ನಂಬುವ ಮನಸ್ಸಿನ ಕೊರತೆಯೇ ಇಲ್ಲಿ ದೊಡ್ಡದೆಂದು ತೋರುತ್ತದೆ.

ಈ ನಿರಾಶೆಯ ಬೆಲೆ ತೆತ್ತವರು ರೋಗಿಗಳು. ಅನೇಕರು ಸತ್ತದ್ದು ಗಾಯದಿಂದಲ್ಲ, ಹಾಸಿಗೆ ಹುಣ್ಣಿನಿಂದ ಮತ್ತು ಮೂತ್ರಾಂಗದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್‌ವಿಗ್ ಗುಟ್‌ಮನ್ ಆರಂಭಿಸಿದ ಘಟಕವು ಇವೆರಡನ್ನೂ ತಡೆಯಬಹುದೆಂದು ತೋರಿಸಿತು. ಹುರಿ ಕೂಡದಿದ್ದರೂ ಮನುಷ್ಯ ಬದುಕಬಲ್ಲನೆಂಬುದು ಖಚಿತವಾಯಿತು.

ತಂತು ಮರಳಿ ಬೆಳೆಯುವುದು ಒಂದು ಪ್ರಶ್ನೆ; ಉಳಿದ ನರಜಾಲ ತನ್ನನ್ನು ಪುನರ್ವಿನ್ಯಾಸಗೊಳಿಸಿಕೊಳ್ಳುವುದು ಬೇರೆಯೇ ಪ್ರಶ್ನೆ. ನಡಿಗೆಯ ಲಯವನ್ನು ಹುರಿಯೇ ಹುಟ್ಟಿಸಬಲ್ಲದೆಂದು ಥಾಮಸ್ ಗ್ರಹಾಮ್ ಬ್ರೌನ್ 1911ರಲ್ಲಿ ಬೆಕ್ಕುಗಳಲ್ಲಿ ತೋರಿಸಿದ್ದರು. 1958ರಲ್ಲಿ ಲಿಯು ಮತ್ತು ಚೇಂಬರ್ಸ್, ಅಳಿದ ತಂತುಗಳ ನೆರೆಯ ತಂತುಗಳು ಕವಲೊಡೆಯುವುದನ್ನು ವರದಿಮಾಡಿದರು. 1987ರಲ್ಲಿ ಬಾರ್ಬೋ ಮತ್ತು ರೊಸಿನ್ಯೋಲ್, ಹುರಿಯನ್ನು ಪೂರ್ಣ ಕತ್ತರಿಸಿದ ವಯಸ್ಕ ಬೆಕ್ಕುಗಳಿಗೆ ಟ್ರೆಡ್‌ಮಿಲ್ ಮೇಲೆ ಅಭ್ಯಾಸ ಮಾಡಿಸಿ ಹಿಂಗಾಲುಗಳ ನಡಿಗೆಯನ್ನು ಮರಳಿಸಿದರು. ಗಾಯವನ್ನು ದಾಟಿ ಮಿದುಳಿನ ಆಜ್ಞೆ ಕೆಳಗಿಳಿದಿರಲಿಲ್ಲ. ಕಲಿತದ್ದು ಕೆಳಗಿನ ಹುರಿಯೇ.

ಅಪೂರ್ಣ ಗಾಯದಲ್ಲಿ ಸುತ್ತುದಾರಿಯೂ ಸಾಧ್ಯ. ಕತ್ತರಿಸಿದ ಮಿದುಳಿನ ತಂತುಗಳು ಗಾಯದ ಮೇಲ್ಭಾಗದಲ್ಲಿ ಕವಲೊಡೆದು, ಹುರಿಯೊಳಗೇ ಹಾಯುವ ನರಕೋಶಗಳನ್ನು ಸೇರುವುದನ್ನು 2004ರಲ್ಲಿ ಇಲಿಗಳಲ್ಲಿ ಕಾಣಲಾಯಿತು. ಗಾಯವನ್ನು ದಾಟಿ ಹೋಗುವ ಉದ್ದ ಕೋಶಗಳೊಡನೆ ಏರ್ಪಟ್ಟ ಸಂಪರ್ಕಗಳು ಉಳಿದವು. ಗಿಡ್ಡ ಕೋಶಗಳೊಡನೆ ಏರ್ಪಟ್ಟವು ಕ್ರಮೇಣ ಅಳಿದವು. 2008ರ ಪ್ರಯೋಗ ಇನ್ನಷ್ಟು ಸ್ಪಷ್ಟ: ಹುರಿಯ ಎರಡು ಪಾರ್ಶ್ವಗಳನ್ನು ಬೇರೆಬೇರೆ ಮಟ್ಟದಲ್ಲಿ ಒಂದೇ ಬಾರಿಗೆ ಕೊಯ್ದಾಗ ಚಿಕ್ಕಿಲಿಗಳು ಚೇತರಿಸಲಿಲ್ಲ, ಹತ್ತು ವಾರಗಳ ಅಂತರದಲ್ಲಿ ಕೊಯ್ದಾಗ ನಡಿಗೆ ಮರಳಿತು.

ಮನುಷ್ಯರ ವಿಷಯದಲ್ಲಿ ಎಚ್ಚರ ಅಗತ್ಯ. 2011ರಲ್ಲಿ ಲೂಯಿವಿಲ್‌ನ ಸುಸಾನ್ ಹರ್ಕೆಮಾ ತಂಡವು ವರದಿಮಾಡಿದ ವ್ಯಕ್ತಿಯೊಬ್ಬರು, ಹುರಿಯ ಹೊದಿಕೆಯ ಮೇಲಿಟ್ಟ ವಿದ್ಯುದಗ್ರಗಳು ಚಾಲೂ ಇರುವಾಗ ಮಾತ್ರ ಕಾಲನ್ನು ಇಚ್ಛೆಯಂತೆ ಚಲಿಸಬಲ್ಲವರಾಗಿದ್ದರು. 2018ರಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್‌ನಿಂದ ವರದಿಯಾದ ಮೂವರು, ತಿಂಗಳುಗಟ್ಟಲೆ ಅಭ್ಯಾಸದ ಅನಂತರ ಪ್ರಚೋದನೆ ನಿಲ್ಲಿಸಿದಾಗಲೂ ಕೆಲವು ಸ್ನಾಯುಗಳನ್ನು ಹತೋಟಿಗೆ ತಂದುಕೊಂಡರು. ಆ ಮೂವರ ಹುರಿಯಲ್ಲಿಯೂ ಒಂದಷ್ಟು ಸಂಪರ್ಕ ಮೊದಲೇ ಉಳಿದಿತ್ತು.